ಟೆರೇಸಿನ ಮೇಲೆ ಎಣಿಸುತ್ತಿದ್ದರು

ಮೇ ತಿಂಗಳ ಕೊನೆಯಲ್ಲಿ ಜೋಡುರಸ್ತೆಯ ಹೋಟೆಲೊಂದರಲ್ಲಿ ಚಾ ಕುಡಿಯುತ್ತಾ ಕೂತಿದ್ದೆ. ನಮ್ಮ ಪಕ್ಕದ ಮನೆಯವರು ಎದುರಿಗೆ ಬಂದು ಕೂತರು. ಅವರ ಮಗ ಕಬಡ್ಡಿ ಚೆನ್ನಾಗಿ ಆಡುತ್ತಾನೆ. ಪಿಯುಸಿ ಮುಗಿದಿದೆ. ಒಂದು ಕಾಲೇಜಿನವರು ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು, ಹಾಸ್ಟೆಲು, ಊಟ ಎಲ್ಲ ಕೊಡುತ್ತೇವೆ ಎಂದಿದ್ದಾರಂತೆ. ನಮ್ಮ ಕಾರ್ಕಳ ತಾಲೂಕಿನಲ್ಲಿ ಕಬಡ್ಡಿ ಎಂದರೆ ಈಗ ಬರೀ ಆಟ ಅಲ್ಲ. ಹೆರ್ಮುಂಡೆಯ ಮಮತಾ ಪೂಜಾರಿ 2010ರಲ್ಲೂ 2014ರಲ್ಲೂ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿದ್ದರು, ಅರ್ಜುನ ಪ್ರಶಸ್ತಿಯೂ ಬಂತು. 2014ರಲ್ಲೇ ಪ್ರೊ ಕಬಡ್ಡಿ ಶುರುವಾಗಿ ನಮ್ಮ ಕಡೆಯ ಹುಡುಗರು ಟಿವಿಯಲ್ಲಿ ಕಾಣತೊಡಗಿದರು. ಅಪ್ಪ ಅಮ್ಮಂದಿರ ಕಣ್ಣಿಗೆ ಅದು ಒಂದು ದಾರಿ. ಅವರು ಎಲ್ಲ ವಿವರ ಹೇಳಿ ಮುಗಿಸಿ, ಸ್ವಲ್ಪ ಸಂಕೋಚದಿಂದ ಕೇಳಿದರು: "ಅಲ್ಲಿ ಈ ರ‍್ಯಾಗಿಂಗ್ ಗೀಗಿಂಗ್ ಎಲ್ಲ ಉಂಟಾ ಸರ್?"

"ಇಲ್ಲ ಮಾರಾಯ್ರೇ, ಈಗ ಎಲ್ಲ ಸ್ಟ್ರಿಕ್ಟು."

ಯೋಚಿಸಿ ಹೇಳಿದ್ದಲ್ಲ. ನಾಲಿಗೆಯ ಮೇಲೇ ಕೂತಿದ್ದ ಮಾತು ತಾನಾಗಿ ಹೊರಗೆ ಬಂತು. ಅವರಿಗೆ ಸಮಾಧಾನವಾಯಿತು. ಏಳುವಾಗ ನನ್ನ ಚಾದ ದುಡ್ಡನ್ನೂ ಅವರೇ ಕೊಟ್ಟರು. ಆ ಚಾ ನನಗೆ ಇನ್ನೂ ಅರಗಿಲ್ಲ.

ಅವರು ನನ್ನನ್ನೇ ಕೇಳಿದ್ದು ಯಾಕೆಂದರೆ ನಾನು 29 ವರ್ಷ ಕಾಲೇಜಿನಲ್ಲಿ ಪಿ.ಡಿ. ಆಗಿದ್ದವನು, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕ. ಹೆಸರಿಗೆ ನಿರ್ದೇಶಕ, ಕೆಲಸ ನೋಡಿದರೆ ತಂಡದ ಕೋಚು, ಮ್ಯಾನೇಜರು, ಗ್ರೌಂಡಿನ ಗೆರೆ ಹಾಕುವವ, ಜೆರ್ಸಿಯ ಲೆಕ್ಕ ಇಡುವವ ಎಲ್ಲ ನಾನೇ. ಈಗ ನಿವೃತ್ತನಾಗಿ ಕುಕ್ಕುಂದೂರಿನಲ್ಲಿ ಮನೆ ಮಾಡಿಕೊಂಡಿದ್ದೇನೆ. ಯಾವ ಕಾಲೇಜು ಎಂದು ಇಲ್ಲಿ ಬರೆಯುವುದಿಲ್ಲ. ಸಂಸ್ಥೆಯ ಮಾನ ಹೋಗಬಾರದು ಎಂಬುದು ನಾನು ಕೊಟ್ಟುಕೊಳ್ಳುವ ಕಾರಣ. ನನ್ನ ಮಾನ ಹೋಗಬಾರದು ಎಂಬುದು ಅದಕ್ಕಿಂತ ದೊಡ್ಡ ಕಾರಣ ಇರಬಹುದು.

ವಿಷಯ 1998ರದ್ದು. ಉಡುಪಿ ಬೇರೆ ಜಿಲ್ಲೆಯಾಗಿ ಒಂದು ವರ್ಷ ಆಗಿತ್ತಷ್ಟೆ. ನವರಾತ್ರಿ ರಜೆಗೆ ಸ್ವಲ್ಪ ಮೊದಲು, ಕಬಡ್ಡಿ ತಂಡದ ಪಟ್ಟಿ ಹಾಕಿದ ದಿನ. ಹನ್ನೆರಡು ಹೆಸರಿನಲ್ಲಿ ಮೂರು ಫಸ್ಟ್ ಇಯರ್ ಹುಡುಗರದ್ದು. ಜೆರ್ಸಿಯ ನಂಬರು, ನೀಕ್ಯಾಪು ಎಲ್ಲ ನೋಡಿಕೊಂಡು ನಾನು ಹೊರಡುವಾಗ ರಾತ್ರಿ ಹತ್ತು ಗಂಟೆ ಆಗಿರಬೇಕು. ಹಾಸ್ಟೆಲಿನ ಪಕ್ಕದಲ್ಲೇ ಸ್ಕೂಟರ್ ನಿಲ್ಲಿಸುತ್ತಿದ್ದೆ. ಟೆರೇಸಿನ ಮೇಲೆ ಲೈಟ್ ಉರಿಯುತ್ತಿತ್ತು. ಯಾರೋ ಎಣಿಸುತ್ತಿದ್ದರು. ನಲವತ್ತೊಂದು, ನಲವತ್ತೆರಡು. ಮತ್ತೆ ಏನೋ ಬಿದ್ದ ಸದ್ದು, ನಗು. "ಮೊದಲಿಂದ!" ಎಂದಿತು ಒಂದು ದನಿ. ಅದು ಕ್ಯಾಪ್ಟನಿನ ದನಿ, ಅದರಲ್ಲಿ ಅನುಮಾನವಿಲ್ಲ. ಒಂದು, ಎರಡು, ಮೂರು. ಈ ಸಲ ಎಣಿಸುವವನ ಸ್ವರ ಒಡೆದಿತ್ತು. ನೀರು ಸುರಿದ ಸದ್ದೂ ಕೇಳಿತು.

ಹಾಸ್ಟೆಲಿನ ಮೆಟ್ಟಿಲು ಹೊರಗಿನಿಂದಲೇ ಇತ್ತು. ಎರಡು ಮಹಡಿ. ನಾನಾಗ ನಲವತ್ತರ ಒಳಗಿನವ, ಒಂದೇ ಉಸಿರಿಗೆ ಹತ್ತಬಹುದಿತ್ತು.

ನಾನು ಎಷ್ಟು ಹೊತ್ತು ನಿಂತಿದ್ದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತಾ ಬಂದಿದೆ. ಕೆಲವು ವರ್ಷ, ಹಾಗೇ ದಾಟಿ ಹೋಗುವಾಗ ಕಿವಿಗೆ ಬಿದ್ದದ್ದು ಎಂದುಕೊಂಡಿದ್ದೆ. ಆಮೇಲೆ, ಒಂದು ನಿಮಿಷ ನಿಂತೆ ಎಂದುಕೊಂಡೆ. ಆದರೆ ಒಂದು ಸಂಗತಿ ಮಾತ್ರ ಬದಲಾಗುವುದಿಲ್ಲ, ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ನಾನು ಸ್ಕೂಟರನ್ನು ಸ್ಟಾರ್ಟ್ ಮಾಡಲಿಲ್ಲ. ಸ್ಟ್ಯಾಂಡ್ ತೆಗೆದು, ಗೇಟಿನವರೆಗೆ ತಳ್ಳಿಕೊಂಡು ಹೋಗಿ, ರಸ್ತೆಗೆ ಬಂದ ಮೇಲೆ ಕಿಕ್ ಹೊಡೆದೆ.

ಗೊತ್ತಿಲ್ಲದವನು ಸ್ಕೂಟರ್ ತಳ್ಳುವುದಿಲ್ಲ.

ಮರುದಿನ ಬೆಳಿಗ್ಗೆ ಐದೂವರೆಗೆ ಪ್ರಾಕ್ಟೀಸು. ಎಲ್ಲರೂ ಬಂದಿದ್ದರು, ಆ ಮೂವರೂ ಬಂದಿದ್ದರು. ಅವರಲ್ಲಿ ಒಬ್ಬ ಹೆಬ್ರಿ ಕಡೆಯ ಹುಡುಗ. ಸಣ್ಣ ದೇಹ, ಆದರೆ ಬೋನಸ್ ಗೆರೆಗೆ ಕಾಲು ಹಾಕಿ ಹಿಂದೆ ಬರುವ ಚುರುಕು ಅವನಿಗೆ ಹುಟ್ಟಿನಿಂದಲೇ ಬಂದದ್ದು. ಅವನ ಎರಡೂ ಮೊಣಕೈಯ ಚರ್ಮ ಎದ್ದಿತ್ತು. "ಎಂತ ಆಯ್ತಾ?" ಎಂದು ಕೇಳಿದೆ. "ಬಾತ್‌ರೂಮಲ್ಲಿ ಬಿದ್ದೆ ಸರ್" ಎಂದ. ಹಾಗೆ ಹೇಳುವಾಗ ಅವನು ನನ್ನನ್ನು ನೋಡಲಿಲ್ಲ, ನನ್ನ ಹಿಂದೆ ನಿಂತಿದ್ದ ಕ್ಯಾಪ್ಟನನ್ನು ನೋಡಿದ. ನಾನು ಟಿಂಚರ್ ಬಾಟಲಿ ಕೊಟ್ಟೆ.

ಬಾತ್‌ರೂಮಿನಲ್ಲಿ ಬಿದ್ದರೆ ಎರಡೂ ಮೊಣಕೈ ಒಂದೇ ಸಮ ತರಚುವುದಿಲ್ಲ. ಗಾಯ ನೋಡಿ ಹೇಗಾಯಿತು ಎಂದು ಹೇಳುವುದು ನನ್ನ ಕಸುಬು.

ಯಾಕೆ ಸುಮ್ಮನಿದ್ದೆ ಎಂದು ಕೇಳಿಕೊಂಡಾಗೆಲ್ಲ ಮೊದಲು ಬರುವ ಉತ್ತರ ಶನಿವಾರದ ಪಂದ್ಯ. ಕ್ಯಾಪ್ಟನ್ ನಮ್ಮ ಎಡಗಡೆಯ ಕಾರ್ನರ್. ಅವನನ್ನು ಕೂರಿಸಿದರೆ ಹಿಡಿತವೇ ಇಲ್ಲ. ಇದು ನಿಜ, ಆದರೆ ಇಷ್ಟೇ ಆಗಿದ್ದರೆ ಪಂದ್ಯ ಮುಗಿದ ಭಾನುವಾರ ಕೇಳಬಹುದಿತ್ತಲ್ಲ? ಕೇಳಲಿಲ್ಲ. ಎರಡನೆಯ ಉತ್ತರ, ನನಗೂ ಅದು ಆಗಿತ್ತು ಎಂಬುದು. ನಾನು ಓದುವಾಗ ಹಾಸ್ಟೆಲಿನಲ್ಲಿ ಸೀನಿಯರ್‌ಗಳ ಬಟ್ಟೆ ಒಗೆದಿದ್ದೇನೆ, ಬಸ್ಕಿ ಹೊಡೆದಿದ್ದೇನೆ, ಬರೀ ಚಡ್ಡಿಯಲ್ಲಿ ಗ್ರೌಂಡು ಸುತ್ತಿದ್ದೇನೆ. ಏನೂ ಆಗಲಿಲ್ಲ ನನಗೆ ಎಂದು ಹೇಳುತ್ತಿದ್ದೆ. ಏನೂ ಆಗಲಿಲ್ಲ ಎಂದು ಈಗ ಅಷ್ಟು ಧೈರ್ಯದಿಂದ ಹೇಳಲಾರೆ. ಆದದ್ದು ಬಹುಶಃ ಇದೇ: ಇನ್ನೊಬ್ಬ ಹುಡುಗನ ಸ್ವರ ಒಡೆದದ್ದು ಕೇಳಿಯೂ ಮೆಟ್ಟಿಲು ಹತ್ತದ ಕಾಲು.

ಮೂರನೆಯ ಉತ್ತರ ಹೇಳಲು ನಾಚಿಕೆಯಾಗುತ್ತದೆ. ಆ ರಾತ್ರಿಗಳು ನನಗೆ ಉಪಯೋಗಕ್ಕೆ ಬರುತ್ತಿದ್ದವು. ನನ್ನ ತಂಡದ ಶಿಸ್ತಿನ ಬಗ್ಗೆ ಬೇರೆ ಕಾಲೇಜಿನ ಪಿ.ಡಿ.ಗಳು ಹೊಗಳುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಯಾರೂ ತಪ್ಪಿಸುತ್ತಿರಲಿಲ್ಲ. ಜೂನಿಯರ್‌ಗಳು ಎದುರು ಮಾತಾಡುತ್ತಿರಲಿಲ್ಲ. ನೀರಿನ ಕೊಡ, ಕಿಟ್ ಬ್ಯಾಗು ಹೇಳದೆ ಗ್ರೌಂಡಿಗೆ ಬರುತ್ತಿದ್ದವು. ಇದನ್ನೆಲ್ಲ ನಾನು ನನ್ನ ತರಬೇತಿಯ ಗುಣ ಎಂದುಕೊಂಡಿದ್ದೆ. ನಾನು ಹಗಲು ಹೇಳುತ್ತಿದ್ದುದನ್ನು ಸೀನಿಯರ್‌ಗಳು ರಾತ್ರಿ ಟೆರೇಸಿನ ಮೇಲೆ ಜಾರಿ ಮಾಡುತ್ತಿದ್ದರು. ನಾನು ಯಾರಿಗೂ ಒಂದು ಏಟು ಹೊಡೆದವನಲ್ಲ, ಅದು ನನ್ನ ಹೆಗ್ಗಳಿಕೆ. ಹೊಡೆಯುವ ಅಗತ್ಯ ನನಗೆ ಬರದ ಹಾಗೆ ಬೇರೆಯವರು ನೋಡಿಕೊಂಡಿದ್ದರು.

ಕ್ಯಾಪ್ಟನನ್ನು ದೂರಿ ಪಾರಾಗೋಣ ಎಂದರೆ ಅದೂ ಆಗುವುದಿಲ್ಲ. ಎರಡು ವರ್ಷ ಮೊದಲು ಅದೇ ಟೆರೇಸಿನ ಮೇಲೆ ಅವನೂ ಎಣಿಸಿದ್ದ. ಆಗಲೂ ಪಿ.ಡಿ. ನಾನೇ.

ಆ ಕಾಲದಲ್ಲಿ ಇದೆಲ್ಲ ತಪ್ಪು ಎಂದು ಯಾರಿಗೆ ಗೊತ್ತಿತ್ತು, ಎಂದು ಒಮ್ಮೊಮ್ಮೆ ನನ್ನ ಪರವಾಗಿ ನಾನೇ ವಕಾಲತ್ತು ಮಾಡುತ್ತೇನೆ. ಅದೂ ಸುಳ್ಳು. 1996ರ ನವೆಂಬರಿನಲ್ಲಿ ತಮಿಳುನಾಡಿನ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಪೊನ್ ನವರಸು ಎಂಬ ವೈದ್ಯಕೀಯ ವಿದ್ಯಾರ್ಥಿಯನ್ನು ಸೀನಿಯರ್ ಒಬ್ಬ ಕೊಂದದ್ದು ಎಲ್ಲ ಪೇಪರಿನಲ್ಲೂ ಬಂದಿತ್ತು. ಆ ಹುಡುಗನ ತಂದೆ ಮದ್ರಾಸು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಮರುವರ್ಷವೇ ಅಲ್ಲಿ ರ‍್ಯಾಗಿಂಗ್ ವಿರುದ್ಧ ಕಾಯ್ದೆ ಆಯಿತು. ಸ್ಟಾಫ್ ರೂಮಿನಲ್ಲಿ ನಾವು ಅದನ್ನು ಓದಿ ಮಾತಾಡಿದ್ದೇವೆ. "ಅದು ಮೆಡಿಕಲ್ ಕಾಲೇಜು, ನಮ್ಮಲ್ಲಿ ಅಂಥದ್ದಿಲ್ಲ" ಎಂದವರಲ್ಲಿ ನಾನೂ ಒಬ್ಬ. ನಮ್ಮ ರಾಜ್ಯದ 1983ರ ಶಿಕ್ಷಣ ಕಾಯ್ದೆಯಲ್ಲೇ ರ‍್ಯಾಗಿಂಗಿಗೆ ಒಂದು ವರ್ಷದವರೆಗೆ ಜೈಲು ಎಂದು ಬರೆದಿತ್ತು. ಕಬಡ್ಡಿಯ ನಿಯಮದ ಪುಸ್ತಕ ನನಗೆ ಬಾಯಿಪಾಠವಾಗಿತ್ತು. ಈ ಕಾಯ್ದೆಯನ್ನು ನಾನು ತೆರೆದು ನೋಡಿದ್ದು ಹತ್ತು ವರ್ಷ ಕಳೆದ ಮೇಲೆ.

ಶನಿವಾರ ನಾವು ಗೆದ್ದೆವು. ಹೆಬ್ರಿಯ ಹುಡುಗ ಏಳು ಪಾಯಿಂಟ್ ತಂದ. ಇದನ್ನು ಬರೆಯುವಾಗಲೂ ಒಂದು ಹೆಮ್ಮೆ ಒಳಗೆ ಸಣ್ಣಗೆ ಏಳುತ್ತದೆ, ನೋಡಿ.

ದೀಪಾವಳಿಗೆ ಊರಿಗೆ ಹೋದವ ಮತ್ತೆ ಬರಲಿಲ್ಲ. ಎರಡು ವಾರ ಬಿಟ್ಟು ಅವನ ಅಪ್ಪ ಬಂದರು. ಪಂಚೆ, ಹೆಗಲಲ್ಲಿ ಬೈರಾಸು, ಕೈಯಲ್ಲಿ ಒಂದು ಕದಳಿ ಗೊನೆ. ಮಗನ ಟ್ರಂಕು ತೆಗೆದುಕೊಂಡು ಹೋಗಲು ಬಂದಿದ್ದರು. ನನ್ನ ಕೋಣೆಯ ಬಾಗಿಲಲ್ಲೇ ನಿಂತು ಕೇಳಿದರು. ತುಳುವಿನಲ್ಲಿ ಕೇಳಿದ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ: "ಮಾಸ್ಟ್ರೇ, ಅವ ಎಂತದೂ ಹೇಳುವುದಿಲ್ಲ. ಊಟ ಸರಿ ಮಾಡುವುದಿಲ್ಲ. ಇಲ್ಲಿ ಏನಾದರೂ ಆಯ್ತಾ?"

"ಏನೂ ಇಲ್ಲ, ಹುಡುಗನಿಗೆ ಮನಸ್ಸು ಸ್ವಲ್ಪ ಗಟ್ಟಿ ಸಾಲದು" ಎಂದೆ.

ಟೆರೇಸಿನ ರಾತ್ರಿಗಿಂತ ಈ ಒಂದು ವಾಕ್ಯ ನನಗೆ ಹೆಚ್ಚು ಭಾರ. ಆ ರಾತ್ರಿ ನಾನು ಹೆದರಿದೆ, ಅಥವಾ ಆಲಸ್ಯ ಮಾಡಿದೆ, ಅಥವಾ ಸ್ವಾರ್ಥ ನೋಡಿದೆ ಎನ್ನಬಹುದು. ಬಾಗಿಲಲ್ಲಿ ನಿಂತ ಆ ಮನುಷ್ಯನ ಎದುರು ನಾನು ತಪ್ಪನ್ನು ಎತ್ತಿ ಅವರ ಮಗನ ತಲೆಯ ಮೇಲೆಯೇ ಇಟ್ಟೆ. ಅವರು ನಂಬಿದರು. ತಲೆ ಆಡಿಸಿದರು. ಬಹುಶಃ ಮನೆಗೆ ಹೋಗಿ ಮಗನಿಗೆ ಅದನ್ನೇ ಹೇಳಿರಬಹುದು, ಮಾಸ್ಟ್ರು ಹೀಗೆ ಹೇಳಿದರು ಎಂದು. ಬಾಳೆಗೊನೆಯನ್ನು ಅಲ್ಲೇ ಇಟ್ಟು ಹೋದರು. ನಾವು ಸ್ಟಾಫ್ ರೂಮಿನಲ್ಲಿ ಹಂಚಿಕೊಂಡು ತಿಂದೆವು.

2023ರ ಜುಲೈಯಲ್ಲಿ ಮಗಳು ಫೋನ್ ಮಾಡಿದ್ದಳು. ಅವಳು ಚಿಕಾಗೋ ಹತ್ತಿರ ಇದ್ದಾಳೆ. "ಅಪ್ಪಾ, ಇಲ್ಲಿ ನಿಮ್ಮ ಹಾಗೆ ಒಬ್ಬರು ಕಾಲೇಜು ಕೋಚಿನ ಕೆಲಸ ಹೋಯಿತು" ಎಂದು ಸುಮ್ಮನೆ ಸುದ್ದಿ ಹೇಳಿದಳು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಪ್ಯಾಟ್ ಫಿಟ್ಜ್‌ಜೆರಾಲ್ಡ್. ಅಮೆರಿಕದವರ ಫುಟ್ಬಾಲು, ಹೆಲ್ಮೆಟ್ ಹಾಕಿಕೊಂಡು ಆಡುವಂಥದ್ದು. ಆ ಮನುಷ್ಯ ಅಲ್ಲೇ ಓದಿ, ಅಲ್ಲೇ ಆಡಿ, 2006ರಿಂದ ಅಲ್ಲೇ ಮುಖ್ಯ ಕೋಚ್ ಆಗಿದ್ದವರು. ಹೊಸ ಆಟಗಾರರನ್ನು ಹಿರಿಯ ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಹಿಂಸಿಸುತ್ತಾರೆ ಎಂಬ ದೂರಿನ ತನಿಖೆ ಮುಗಿದು, ಜುಲೈ 7ರಂದು ಅವರಿಗೆ ಎರಡು ವಾರದ ಸಂಬಳವಿಲ್ಲದ ಅಮಾನತು ಆಯಿತು. ಮರುದಿನ ವಿದ್ಯಾರ್ಥಿಗಳೇ ನಡೆಸುವ ಪತ್ರಿಕೆ ಮಾಜಿ ಆಟಗಾರನೊಬ್ಬನ ಮಾತನ್ನು ವಿವರವಾಗಿ ಅಚ್ಚು ಹಾಕಿತು. ಜುಲೈ 10ಕ್ಕೆ ಕೆಲಸದಿಂದಲೇ ತೆಗೆದರು. ತನಗೆ ಏನೂ ಗೊತ್ತಿರಲಿಲ್ಲ ಎಂದು ಅವರು ಮೊದಲಿನಿಂದಲೂ ಹೇಳಿದರು. ತನಿಖೆಯಲ್ಲೂ ಕೋಚ್‌ಗಳಿಗೆ ಗೊತ್ತಿತ್ತು ಎನ್ನಲು ಸಾಕಷ್ಟು ಸಾಕ್ಷಿ ಸಿಗಲಿಲ್ಲ. ಆದರೆ ತಿಳಿದುಕೊಳ್ಳಲು ಬೇಕಾದಷ್ಟು ಅವಕಾಶ ಇತ್ತು ಎಂದು ಬರೆದರು. ಫಿಟ್ಜ್‌ಜೆರಾಲ್ಡ್ 13 ಕೋಟಿ ಡಾಲರಿನ ದಾವೆ ಹೂಡಿದರು. 2025ರ ಆಗಸ್ಟಿನಲ್ಲಿ ರಾಜಿಯಾಯಿತು. ಯಾವ ಆಟಗಾರನೂ ಕೋಚ್‌ಗೆ ದೂರು ಹೇಳಿದ್ದಕ್ಕಾಗಲಿ, ಅವರೇ ಇದನ್ನು ಮಾಡಿಸಿದ್ದಕ್ಕಾಗಲಿ ಸಾಕ್ಷಿ ಇಲ್ಲ ಎಂದು ವಿಶ್ವವಿದ್ಯಾಲಯವೇ ಹೇಳಿತು.

ಅವರ ವಿಷಯದಲ್ಲಿ ತೀರ್ಪು ಕೊಡಲು ನಾನು ಯಾರು? ಅವರಿಗೆ ನಿಜವಾಗಿಯೂ ಗೊತ್ತಿಲ್ಲದೆ ಇದ್ದಿರಬಹುದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯದೇ. ಅವರ ಕೆಲಸ ಹೋಯಿತು ಎಂದು ಕೇಳಿದ ತಕ್ಷಣ ನಾನು, ಗೊತ್ತಿಲ್ಲದ ಯಾವುದೋ ದೇಶದ ಯಾವುದೋ ಆಟದ ಕೋಚಿನ ಪರವಾಗಿ, ಮಗಳ ಹತ್ತಿರ ವಾದಕ್ಕೆ ಇಳಿದೆ. ನೂರು ಹುಡುಗರನ್ನು ಒಬ್ಬ ಎಷ್ಟೆಂದು ಕಾಯುವುದು, ರಾತ್ರಿಯೆಲ್ಲ ಟಾರ್ಚ್ ಹಿಡಿದು ತಿರುಗಬೇಕಾ ಎಂದೆಲ್ಲ ಸ್ವರ ಏರಿಸಿ ಹೇಳಿದೆ. "ನಿಮಗೆ ಯಾಕೆ ಅಷ್ಟು ಸಿಟ್ಟು ಅಪ್ಪಾ?" ಎಂದಳು. ನೆಟ್‌ವರ್ಕ್ ಸರಿ ಇಲ್ಲ ಎಂದು ಫೋನ್ ಇಟ್ಟೆ.

ಅವರ ಪ್ರಕರಣದಲ್ಲಿ ಉಳಿದ ಆ ಅನುಮಾನದ ಲಾಭ ನನಗೆ ಸಿಗುವುದಿಲ್ಲ. ನನ್ನ ಮೇಲೆ ತನಿಖೆ ನಡೆದಿದ್ದರೆ ನಾನೂ ಪಾರಾಗುತ್ತಿದ್ದೆ ಎಂಬುದು ಖಂಡಿತ. ಯಾರೂ ನನಗೆ ದೂರು ಕೊಟ್ಟಿಲ್ಲ. ನಾನು ಯಾರಿಗೂ ಮಾಡಿ ಎಂದು ಹೇಳಿಲ್ಲ. ಸ್ಕೂಟರ್ ತಳ್ಳಿದ್ದನ್ನು ಕಂಡವರಿಲ್ಲ.

ಹುಡುಗರು ಯಾಕೆ ಹೇಳುವುದಿಲ್ಲ ಎಂದು ಕೇಳುವವರಿಗೆ ಕಬಡ್ಡಿ ಹಾಸ್ಟೆಲಿನ ಲೆಕ್ಕ ಗೊತ್ತಿಲ್ಲ. ತಂಡದಲ್ಲಿ ಜಾಗ, ತಪ್ಪಿದ ಕ್ಲಾಸಿನ ಹಾಜರಿ, ಪುಕ್ಕಟೆ ಊಟ, ಮುಂದೆ ಪೊಲೀಸಿಗೋ ರೈಲ್ವೆಗೋ ಅರ್ಜಿ ಹಾಕುವಾಗ ಬೇಕಾಗುವ ಸರ್ಟಿಫಿಕೇಟು, ಇಷ್ಟೂ ಒಬ್ಬನ ಸಹಿಯಲ್ಲಿ ಇರುತ್ತದೆ. ಆ ಒಬ್ಬ ನಾನಾಗಿದ್ದೆ. ದೂರು ಹೇಳಬೇಕಾದದ್ದೂ ನನ್ನ ಹತ್ತಿರವೇ. 2015ರ ಮೇ ತಿಂಗಳಲ್ಲಿ ಆಲಪ್ಪುಳದ ಕ್ರೀಡಾ ಪ್ರಾಧಿಕಾರದ ಜಲಕ್ರೀಡೆ ಕೇಂದ್ರದಲ್ಲಿ ನಾಲ್ಕು ಹುಡುಗಿಯರು ವಿಷದ ಕಾಯಿ ತಿಂದರು, ಒಬ್ಬಳು ತೀರಿಕೊಂಡಳು. ಸೀನಿಯರ್‌ಗಳ ಕಿರುಕುಳ, ಕೋಚಿನ ಹೊಡೆತ ಎಂಬ ಆರೋಪ ಮನೆಯವರಿಂದ ಬಂತು. ಆ ಸುದ್ದಿ ಓದಿದ ದಿನ ನಾನು ಮಧ್ಯಾಹ್ನ ಊಟ ಮಾಡಲಿಲ್ಲ. ರಾತ್ರಿ ಮಾಡಿದೆ.

ಹೇಳಿದರೂ ಏನಾಗುತ್ತದೆ ಎಂದರೆ, ನಗು. 2022ರಲ್ಲಿ ಕ್ರಿಕೆಟಿಗ ಯಜುವೇಂದ್ರ ಚಹಲ್ ಒಂದು ಮಾತುಕತೆಯಲ್ಲಿ ಹೇಳಿದ್ದು ನೆನಪಿರಬಹುದು: 2013ರಲ್ಲಿ, ಮುಂಬೈ ತಂಡದಲ್ಲಿದ್ದಾಗ, ನಮ್ಮ ಬೆಂಗಳೂರಿನಲ್ಲೇ ಪಂದ್ಯ ಮುಗಿದ ಮೇಲೆ, ಕುಡಿದ ಆಟಗಾರನೊಬ್ಬ ತನ್ನನ್ನು 15ನೇ ಮಹಡಿಯ ಬಾಲ್ಕನಿಯಿಂದ ಹೊರಗೆ ನೇತಾಡಿಸಿದ್ದ ಎಂದು. ದೇಶಕ್ಕೆ ಆಡಿದ, ಹೆಸರು ಮಾಡಿದ ಆಟಗಾರನಿಗೆ ಅದನ್ನು ಹೊರಗೆ ಹೇಳಲು ಒಂಬತ್ತು ವರ್ಷ ಬೇಕಾಯಿತು. ನಾನು ಅದನ್ನು ಮೊಬೈಲಿನಲ್ಲಿ ಮೊದಲ ಸಲ ನೋಡಿದಾಗ ನನಗೂ ನಗು ಬಂತು. ಹಳೆಯ ಅಭ್ಯಾಸ. ಎರಡನೆಯ ಸಲ ನೋಡಿದಾಗ ಹೆಬ್ರಿಯ ಹುಡುಗ ನೆನಪಾದ.

2009ರಲ್ಲಿ ಹಿಮಾಚಲದ ವೈದ್ಯಕೀಯ ಕಾಲೇಜಿನಲ್ಲಿ ಅಮನ್ ಕಾಚ್ರೂ ಎಂಬ ವಿದ್ಯಾರ್ಥಿ ರ‍್ಯಾಗಿಂಗಿಗೆ ಬಲಿಯಾದ ಮೇಲೆ ಯುಜಿಸಿ ನಿಯಮ ಬಿಗಿಯಾಯಿತು. ವಿದ್ಯಾರ್ಥಿ, ಪೋಷಕರು ಇಬ್ಬರಿಂದಲೂ ಅಫಿಡವಿಟ್ಟು, ಕಾಲೇಜಿಗೊಂದು ಸಮಿತಿ, ಸುದ್ದಿ ತಿಳಿದ 24 ಗಂಟೆಯ ಒಳಗೆ ಪೊಲೀಸಿಗೆ ದೂರು. ನಮ್ಮ ಸಮಿತಿಗೆ ಹುಡುಗರ ಮೇಲೆ ಹಿಡಿತ ಇರುವವರು ಬೇಕು ಎಂದು ನನ್ನನ್ನು ಹಾಕಿದರು. ಪ್ರತಿ ವರ್ಷ ಒಂದು ಕಾಗದ ಬರುತ್ತಿತ್ತು, ಈ ವರ್ಷ ಯಾವುದೇ ಪ್ರಕರಣ ವರದಿಯಾಗಿಲ್ಲ ಎಂದು. ನಾನು ಸಹಿ ಹಾಕುತ್ತಿದ್ದೆ. ವರದಿಯಾಗಿಲ್ಲ ಎಂಬುದು ನಿಜವೇ. ಎಂಥ ಒಳ್ಳೆಯ ಶಬ್ದ ಅದು.

ನಾನು ಬದಲಾಗಲೇ ಇಲ್ಲ ಎಂದರೆ ಅದೂ ಒಂದು ಬಗೆಯ ಡೌಲು. ಆಮೇಲೆ ಜೂನಿಯರ್‌ಗಳನ್ನು ಬೇರೆ ಮಹಡಿಗೆ ಹಾಕಿಸಿದೆ. ಟೆರೇಸಿಗೆ ಬೀಗ ಹಾಕಿಸಿದೆ. ವಾರಕ್ಕೆರಡು ಸಲ ರಾತ್ರಿ ಹೋಗಿ ಬರುತ್ತಿದ್ದೆ, ಹೋಗುವಾಗ ಹಾರ್ನ್ ಹೊಡೆಯುತ್ತಿದ್ದೆ. ಯಾಕೆ ಹೊಡೆಯುತ್ತಿದ್ದೆ? ಏನಾದರೂ ನಡೆಯುತ್ತಿದ್ದರೆ ನಾನು ತಲುಪುವ ಮೊದಲು ನಿಲ್ಲಲಿ ಎಂದು. ಕಂಡರೆ 24 ಗಂಟೆಯ ಒಳಗೆ ಬರೆಯಬೇಕಲ್ಲ. ಹುಡುಗರ ಒಳ್ಳೆಯದಕ್ಕೆ ಎಷ್ಟು ಪಾಲು, ನನ್ನ ಪಿಂಚಣಿಯ ಹೆದರಿಕೆಗೆ ಎಷ್ಟು ಪಾಲು ಎಂದು ಬಿಡಿಸಿ ಹೇಳಲು ನನಗೆ ಆಗುವುದಿಲ್ಲ.

ನನ್ನ ಬೀಳ್ಕೊಡುಗೆಗೆ ಆ ಕ್ಯಾಪ್ಟನ್ ಬಂದಿದ್ದ. ಈಗ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ನಾಲ್ಕು ಮಾತಾಡುತ್ತೇನೆ ಎಂದು ಮೈಕ್ ಹಿಡಿದು, "ಸರ್ ನಮ್ಮನ್ನು ಗಟ್ಟಿ ಮಾಡಿದರು" ಎಂದ. ಅದೇ ಶಬ್ದ. ಚಪ್ಪಾಳೆ ಬಿತ್ತು. ಶಾಲು ಹೊದ್ದುಕೊಂಡು ಕೂತಿದ್ದ ನಾನು ನಕ್ಕೆ. ಕಾಲಿಗೆ ಬಿದ್ದವನನ್ನು ಎತ್ತಿ ತಬ್ಬಿಕೊಂಡೆ. ಅವನ ಮೇಲೆ ನನಗೆ ಇವತ್ತಿಗೂ ಪ್ರೀತಿಯೇ, ಅದನ್ನು ಮುಚ್ಚಿಡಲಾರೆ.

ಹೆಬ್ರಿಯ ಹುಡುಗನನ್ನು ಮತ್ತೆ ನೋಡಲಿಲ್ಲ. ಈಗ ಅವನಿಗೂ ನಲವತ್ತೈದು ದಾಟಿರಬೇಕು. ಕಾರ್ಕಳದಿಂದ ಹೆಬ್ರಿಗೆ ಬಸ್ಸಿಗೇನೂ ಬರವಿಲ್ಲ. ಹೋಗಿ ಹುಡುಕಿದರೆ ಅರ್ಧ ದಿನದಲ್ಲಿ ಮನೆ ಸಿಗುತ್ತದೆ. ಹೋಗಿ ಏನು ಹೇಳುವುದು ಎಂದು ಯೋಚಿಸುತ್ತೇನೆ. ಅವನು ಮರೆತಿದ್ದರೆ ನಾನು ನೆನಪಿಸಿದ ಹಾಗಾಗುತ್ತದೆ, ನನ್ನ ಹಗುರಕ್ಕೆ ಅವನ ಮೇಲೆ ಭಾರ ಹಾಕುವುದು ಸರಿಯಾ, ಎನ್ನುತ್ತೇನೆ. ಕೇಳಲು ಚೆನ್ನಾಗಿದೆ. ಈ ಚೆಂದದ ಮಾತಿನ ಹಿಂದೆಯೂ ಒಬ್ಬ ಸ್ಕೂಟರ್ ತಳ್ಳುತ್ತಾ ಹೋಗುತ್ತಿದ್ದಾನೋ ಎಂಬ ಸಂಶಯ ನನಗಿದೆ. ಇದನ್ನು ಬರೆಯುತ್ತಿರುವುದೂ ಬಸ್ಸು ಹತ್ತುವುದನ್ನು ತಪ್ಪಿಸಲಿಕ್ಕೇ ಇರಬಹುದು.

ಮೊನ್ನೆ ಪಕ್ಕದ ಮನೆಯ ಹುಡುಗ ಹಾಸ್ಟೆಲಿಗೆ ಹೊರಡುವ ಹಿಂದಿನ ಸಂಜೆ ಅವರ ಮನೆಗೆ ಹೋದೆ. ಹೋಟೆಲಿನಲ್ಲಿ ಆಡಿದ ಮಾತನ್ನು ತಿದ್ದಬೇಕೆಂದೇ ಹೋದದ್ದು. ಜಡಿಮಳೆ. ಜಗಲಿಯಲ್ಲಿ ಬ್ಯಾಗು, ಬಕೆಟ್ಟು, ಹೊಸ ಹಾಸಿಗೆ ಕಟ್ಟಿ ಇಟ್ಟಿದ್ದರು. ಹುಡುಗ ಹೊಸ ಶೂ ಹಾಕಿ ನೋಡುತ್ತಿದ್ದ. ನಾನು ಅದೂ ಇದೂ ಮಾತಾಡಿ, ಏಳುವ ಹೊತ್ತಿಗೆ ಹೇಳಿದೆ: "ರಾತ್ರಿ ಒಮ್ಮೊಮ್ಮೆ ಫೋನ್ ಮಾಡಿ ಮಾತಾಡಿ ಆಯ್ತಾ. ಹತ್ತರ ಮೇಲೆ ಮಾಡಿ. ವಾರಕ್ಕೊಮ್ಮೆ ಹೇಳದೆ ಹೋಗಿ ಬನ್ನಿ."

"ಯಾಕೆ ಸರ್?" ಎಂದರು ಅವರು.

ಹುಡುಗ ಶೂ ಲೇಸು ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

"ಹಾಗೇ" ಎಂದೆ.

ಒಳಗಿನಿಂದ ಅವನ ತಾಯಿ ಒಂದು ಕಟ್ಟು ಹಲಸಿನ ಹಪ್ಪಳ ತಂದು, ನಮ್ಮ ಮಗನ ಮೇಲೆ ಸರ್‌ಗೆ ಎಷ್ಟು ಕಾಳಜಿ ಎನ್ನುತ್ತಾ ನನ್ನ ಕೈಗೆ ಕೊಟ್ಟರು. ತೆಗೆದುಕೊಂಡು ಬಂದೆ.